ಗಾಮಾ ಕಿರಣದ ಮೇಷ್ಟ್ರು

ನಾನು ಹೇಳುವುದು ಒಂದು, ಕೇಳುವವರ ಕಿವಿಗೆ ಬೀಳುವುದು ಇನ್ನೊಂದು. ಮಳವಳ್ಳಿಯ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಾ ಮಂಕು ಗಾಮಾ ಸ್ಫೋಟಗಳ ಸಂಶೋಧನೆಗೆ ಬಿದ್ದ ಮೇಲಂತೂ ಇದು ತಪ್ಪಲೇ ಇಲ್ಲ. ವಿಷಯ ಇಷ್ಟೇ: ದೈತ್ಯ ನಕ್ಷತ್ರ ಕುಸಿದು ಸಿಡಿಯುವಾಗ ಒಳಗಿನಿಂದ ಒಂದು ಧಾರೆ ನುಗ್ಗುತ್ತದೆ. ಅದು ಹೊರಗೆ ಕೊರೆದು ಬಂದರೆ ಗಾಮಾ ಕಿರಣಗಳ ಭಾರೀ ಮಿಂಚು. ಕೆಲವು ಸಲ ಮಾತ್ರ ಬರೀ ಮಂಕು ಮಿಂಚು. ಯಾಕೆ ಮಂಕು? ಅದೇ ನನ್ನ ತಲೆನೋವು.

ಬಸ್ಸಿನಲ್ಲಿ

ಆಗ ಮದ್ದೂರಿನಿಂದ ಪ್ರೈವೇಟ್ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಪಕ್ಕದಲ್ಲಿ ಸೊಪ್ಪಿನ ಗಂಟು ಹಿಡಿದು ಕೂತಿದ್ದ ಅಜ್ಜಿ, "ಏನಪ್ಪ ಓದ್ತಿದ್ದೀಯ?" ಅಂದರು.

"ನಕ್ಷತ್ರ ಸಾಯೋದರ ಬಗ್ಗೆ ಅಜ್ಜಿ."

ಅಜ್ಜಿ ಎದೆ ಹಿಡಿದುಕೊಂಡರು. "ಯಾವ್ದಪ್ಪ ಸತ್ತೋಗಿರದು? ನನ್ ಮೊಮ್ಮಗಳ್ದು ರೋಯಿಣಿ. ಜಾತ್ಕ ಬೇರೆ ಕೊಟ್ಬುಟ್ಟಿವ್ನಿ!"

ರೋಹಿಣಿಗೆ ಏನೂ ಆಗಿಲ್ಲವೆಂದು ಸಮಾಧಾನ ಹೇಳಿದೆ. ಅಷ್ಟರಲ್ಲಿ ಹಿಂದಿನ ಸೀಟಿನವರೂ ತಮ್ಮ ತಮ್ಮ ನಕ್ಷತ್ರದ ಆರೋಗ್ಯ ವಿಚಾರಿಸತೊಡಗಿದರು. ಇಳಿಯುವಾಗ ಕಂಡಕ್ಟರ್ ನನ್ನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ: "ಸಾ, ನಮ್ ಓನರ್‌ದು ಆಸ್ಲೇಸಾ. ಅದು ಯಾವಾಗ ಓಯ್ತದೆ?"

ಕೊಕ್ಕರೆ ಬೆಳ್ಳೂರಿನಲ್ಲಿ

ಅಲ್ಲಿಯ ಶಾಲೆಯಲ್ಲಿ ಉಪನ್ಯಾಸಕ್ಕೆ ಕರೆದಿದ್ದರು. ಹುಣಸೆಮರದ ಮೇಲೆ ಕೊಕ್ಕರೆಗಳ ಗಲಾಟೆ, ಕೆಳಗೆ ನಾನು. "ಈಚೆಗೆ ಕಂಡ ಒಂದು ಮಂಕು ಮಿಂಚಿಗೆ ಎರಡು ವಾದ ಇದೆ. ಧಾರೆಯ ಮುಖ ಬೇರೆ ಕಡೆಗಿದ್ದು ನಾವು ಅದನ್ನು ಓರೆಯಿಂದ ನೋಡುತ್ತಿರಬಹುದು. ಇಲ್ಲವೇ ಧಾರೆ ನಕ್ಷತ್ರದ ಒಳಗೇ ಉಸಿರುಕಟ್ಟಿ, ಅದರ ಗುದ್ದು ಮಾತ್ರ ಹೊರಮೈ ಒಡೆದು ಬಂದಾಗ ಆ ಮಂಕು ಬೆಳಕು ಹೊಮ್ಮಿರಬಹುದು" ಎಂದೆ.

ಹೆಡ್‌ಮಾಸ್ಟರು ಮಕ್ಕಳಿಗೆ ಬಿಡಿಸಿ ಹೇಳಿದರು: "ಅಂದ್ರೆ ಠುಸ್ ಪಟಾಕಿ ಕಣ್ರಲಾ!"

ಹಿಂದೆ ಕೂತಿದ್ದ ಹಿರಿಯರೊಬ್ಬರು ಎದ್ದರು. "ಅದು ಯಾವಾಗ ಸಿಡೀತು ಮೇಷ್ಟ್ರೇ?"

"ಹತ್ತಾರು ಕೋಟಿ ವರ್ಷದ ಹಿಂದೆ. ಬೆಳಕು ನಮಗೆ ಈಗ ಮುಟ್ಟಿದೆ."

"ಸಿಡ್ದಿದ್ದು ಠುಸ್ಸು, ಬಂದಿದ್ದು ಲೇಟು. ಅದಕ್ಯಾಕೆ ಇಷ್ಟೊಂದು ಮರ್ವಾದೆ?"

ಬಸರಾಳಿನಲ್ಲಿ

ಹೆಣ್ಣು ನೋಡಲು ಹೋಗಿದ್ದೆ. ಜಗುಲಿ ತುಂಬ ಜನ. ನನಗೋ ಭಾರೀ ಉಪಚಾರ. ಹುಡುಗಿ ಕಾಫಿ ಕೊಟ್ಟು ಒಂದು ಸಲ ನೋಡಿದಳು, ನನ್ನ ಮನಸ್ಸು ಅಲ್ಲೇ ಒಪ್ಪಿಬಿಟ್ಟಿತು. ಅಷ್ಟರಲ್ಲಿ ಒಬ್ಬರು, "ಸಾ, ನಮ್ ಗದ್ದೆ ಖಾತೆ ನಿಂತೋಗದೆ" ಅಂದರು. ಇನ್ನೊಬ್ಬರಿಗೆ ಜಮೀನು ಅಳೆಸಿ ಪೋಡಿ ಆಗಬೇಕಿತ್ತು.

ಆಮೇಲೆ ಗೊತ್ತಾಯಿತು. ಸಂಬಂಧ ತಂದವರು ನನ್ನ ಕೆಲಸ "ಗಾಮಾ ಕಿರಣ" ಅಂದಿದ್ದರು. ಇವರ ಕಿವಿಗೆ ಅದು "ಗ್ರಾಮ ಕರಣಿಕ" ಎಂದು ಬಿದ್ದಿತ್ತು!

ಸಂಬಂಧ ಮುರಿದೀತೆಂಬ ಭಯದಲ್ಲೇ ನಿಜ ಹೇಳಿದೆ. ಹುಡುಗಿಯ ಅಪ್ಪ ಬಹಳ ಹೊತ್ತು ಮೀಸೆ ತೀಡಿದರು. ಒಳಗಿನಿಂದ ಹುಡುಗಿಯ ನಗು ಮಾತ್ರ ಕೇಳುತ್ತಿತ್ತು. ಆಮೇಲೆ ದನಿ ಬಂತು: "ಅಪ್ಪಾ, ನಂಗೆ ಖಾತೆ ಬ್ಯಾಡ. ಇವ್ರೇ ಸಾಕು."

ಮಾವನವರು ಈಗಿಲ್ಲ. ಅವರ ದೊಡ್ಡ ಗಂಟಲು ನೆನೆದರೆ ಇಂದಿಗೂ ಕಣ್ಣು ಒದ್ದೆಯಾಗುತ್ತದೆ. ಕೊನೆಯವರೆಗೂ ಅವರು ಸೋಲೊಪ್ಪಲಿಲ್ಲ. ಮದುವೆಯ ದಿನವೇ ನೆಂಟರೆದುರು ನನ್ನ ಭುಜ ತಟ್ಟಿ ಸಾರಿದ್ದರು: "ನಮ್ಮಳಿಯ ಕರಣಿಕನೇ ಕಣ್ಲಾ! ಸರ್ಕಲ್ ಮಾತ್ರ ಆಕಾಸದ್ದು."

ಒಬ್ಬ ನೆಂಟ ಕೈಮುಗಿದು, ಗಂಭೀರವಾಗಿ ಕೇಳಿದ: "ಸಾ, ಅಲ್ಲಿಗೆ ನಾಲೆ ನೀರು ಬತ್ತದಾ?"