ತಾನೇ ಕೇಳಿ ತಾನೇ ಹೇಳುವ ಸೊಸೆ

ನನ್ನ ಸೊಸೆ ಫೇಲಾದದ್ದು ಫ್ರೆಂಚ್ ಬರಲಿಲ್ಲ ಎಂದಲ್ಲ. ಪಾಠದ ಪರೀಕ್ಷೆಯಲ್ಲಿ ಮಕ್ಕಳಿಗೆ ಪ್ರಶ್ನೆ ಕೇಳಿ, ಎಲ್ಲದಕ್ಕೂ ತಾನೇ ಉತ್ತರ ಹೇಳಿ ಫೇಲಾದಳು. ನಡೆದದ್ದು ಇಷ್ಟೇ. ಸಾಗರದ ಪೇಟೆಯಲ್ಲಿ ಬೇರೆ ಕಥೆಗಳಿವೆ. ಹೊಸನಗರದಲ್ಲಿರುವ ನನ್ನ ತಂಗಿಯಂತೂ ಅವಳು ಫ್ರಾನ್ಸಿಗೇ ಹೋಗಿ, ಅಲ್ಲಿ ಅನ್ನ ಸಿಗದೆ ವಾಪಸು ಬಂದಳು ಎಂದು ನಾಲ್ಕು ಮನೆಗೆ ಹೇಳಿ ಮುಗಿಸಿದ್ದಾಳೆ. ನಾನು ಓದಿದ್ದು ಮೂರನೇ ಕ್ಲಾಸು. ಆದರೂ ತೀರ್ಥಹಳ್ಳಿಗೂ ಫ್ರಾನ್ಸಿಗೂ ಇರುವ ವ್ಯತ್ಯಾಸ ನನಗೆ ಗೊತ್ತು. ಪರೀಕ್ಷೆ ನಡೆದದ್ದು ತೀರ್ಥಹಳ್ಳಿಯಲ್ಲಿ.

ನಲವತ್ತನಾಲ್ಕು ವರ್ಷದ ಹೆಂಗಸಿಗೆ ಫ್ರೆಂಚ್ ಯಾಕೆ ಬೇಕಿತ್ತು? ಶುರುವಾದದ್ದು ಆನಂದಪುರದ ಒಂದು ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ. ಯಾರದೋ ಜೊತೆ ಬಂದಿದ್ದ ಫ್ರಾನ್ಸಿನ ಹೆಂಗಸೊಬ್ಬಳು ನಮ್ಮ ಎದುರಿಗೆ ಕೂತಿದ್ದಳು. ಸಾಕು ಎನ್ನಲು ಅವಳಿಗೆ ಬಾರದು, ಹಾಗಾಗಿ ಪ್ರತಿ ಸಲವೂ ಕೈಮುಗಿಯುತ್ತಿದ್ದಳು. ಕೈಮುಗಿದವರಿಗೆ ನಮ್ಮ ಕಡೆ ಇನ್ನೊಂದು ಸೌಟು ಹಾಕುತ್ತಾರೆ. ಪಾಯಸ ಐದನೇ ಸಲ ಬಂದಾಗ ಪಾಪ, ಅವಳ ಕಣ್ಣಲ್ಲಿ ನೀರು. ರುಚಿಗೆ ಬಂದ ನೀರು ಎಂದುಕೊಂಡು ಬಡಿಸುವವರು ಆರನೆಯದನ್ನೂ ಹಾಕಿದರು.

ಸೊಸೆ ಮನೆಗೆ ಬಂದವಳೇ ಫೋನಿನಲ್ಲಿ ಫ್ರೆಂಚಿನ 'ಸಾಕು' ಕಲಿತಳು. ಸಾಕು ಕಲಿತವಳು ಸಾಕು ಮಾಡಬೇಕಲ್ಲ? ಮಾಡಲಿಲ್ಲ. ಮೂರು ವರ್ಷ ಕಲಿತು, ಪ್ರವೇಶ ಪರೀಕ್ಷೆ ಬರೆದು, ಯೂನಿವರ್ಸಿಟಿಯಲ್ಲಿ ಫ್ರೆಂಚ್ ಟೀಚರ್ ಆಗುವ ಎರಡು ವರ್ಷದ ಕೋರ್ಸಿಗೆ ಸೇರಿಬಿಟ್ಟಳು. ಮೊಮ್ಮಗಳು ಒಂದು ಹಾಸ್ಟೆಲಿನಲ್ಲಿ, ಅವಳ ಅಮ್ಮ ಇನ್ನೊಂದು ಹಾಸ್ಟೆಲಿನಲ್ಲಿ. ಮೆಸ್ಸಿನ ಸಾಂಬಾರಿನ ಮೇಲೆ ಇಬ್ಬರೂ ಫೋನು ಮಾಡಿ ದೂರು ಹೇಳುವುದು ನನಗೆ!

ಗಂಡನ ಒಪ್ಪಿಗೆ ಕೇಳಲಿಲ್ಲವೇ ಎಂದರೆ, ಕೇಳಿದಳು. ನನ್ನ ಮಗನದು ಹಿಟ್ಟಿನ ಗಿರಣಿ, ಮನೆಗೆ ತಾಗಿಕೊಂಡೇ ಇದೆ. ಓಡುವ ಗಿರಣಿಯ ಪಕ್ಕ ನಿಂತು, "ಕೋರ್ಸಿಗೆ ಸೇರ್ಲಾ? ಸೇರ್ತೀನಿ" ಎಂದಳು. ಅವನು ತಲೆಯಾಡಿಸಿದ. ಅವನು ಎಲ್ಲದಕ್ಕೂ ತಲೆಯಾಡಿಸುತ್ತಾನೆ. ಮದುವೆಗೂ ಹಾಗೆಯೇ ಒಪ್ಪಿದ್ದು.

ಸೊಸೆಯ ಮಾತೇ ಹಾಗೆ. ಮದುವೆಯಾಗಿ ಬಂದು ಇಪ್ಪತ್ತೆರಡು ವರ್ಷವಾಯಿತು. ಕೇಳುವುದೂ ಹೇಳುವುದೂ ಒಂದೇ ಉಸಿರಿನಲ್ಲಿ. "ಅತ್ತೆ, ಸ್ನಾನಕ್ಕೆ ಹೋಗ್ತೀರಾ? ಹೋಗ್ತೀರಿ." ಗಿರಣಿಗೆ ಗಿರಾಕಿ ಬಂದರೆ, "ಅಕ್ಕಿನಾ? ಅಕ್ಕಿ. ನುಣ್ಣಗಾ? ನುಣ್ಣಗೆ." ತರಿ ಬೇಕಾಗಿದ್ದವರು ಎಷ್ಟು ಜನ ಸುಮ್ಮನೆ ನುಣ್ಣಗಿನ ಹಿಟ್ಟು ಹೊತ್ತುಕೊಂಡು ಹೋಗಿದ್ದಾರೋ, ದೇವರಿಗೇ ಗೊತ್ತು.

ರಜೆಗೆ ಬಂದಾಗ ಪಾಠದ ಅಭ್ಯಾಸ ನನ್ನ ಮೇಲೆ. ಪಾಠ ಮಾಡುವಾಗ ಕನ್ನಡ ಆಡಕೂಡದು ಎಂಬುದು ಅವರ ಕೋರ್ಸಿನ ನಿಯಮವಂತೆ. ಬಾಳೆಹಣ್ಣು ಎತ್ತಿ ಹಿಡಿದು "ಕೆಸ್ಕ್ ಸೆ?" ಎಂದಳು. ಇದೇನು ಎಂದು ಅರ್ಥ. ನಾನು ಬಾಯಿ ತೆರೆಯುವಷ್ಟರಲ್ಲಿ "ಸೆತ್ಯೂನ್ ಬನಾನ್" ಎಂದು ತಾನೇ ಹೇಳಿ, ಹಣ್ಣನ್ನು ಸುಲಿದು ಕೈಗೂ ಕೊಟ್ಟಳು.

"ನಂಗೆ ಹೇಳೋಕೆ ಬಿಡ್ತಿಯನೇ?"

"ಬಿಡ್ತೀನಿ ಅತ್ತೆ. ಹೇಳಿ. ಬನಾನ್."

"ನೀನೇ ಹೇಳಾಯ್ತಲ್ಲೇ."

"ಹೌದಾ? ಹೌದು."

ಅವತ್ತು ನಾನು ಆರು ಬಾಳೆಹಣ್ಣು ತಿಂದೆ. ಪಾಠದಿಂದ ನನಗಾದ ಲಾಭ ಅದೊಂದೇ.

ಕೋರ್ಸಿನ ಕೊನೆಗೆ ನಿಜವಾದ ಕ್ಲಾಸಿನಲ್ಲಿ ಪಾಠ ಮಾಡಿ ತೋರಿಸಬೇಕು. ತೀರ್ಥಹಳ್ಳಿಯ ಒಂದು ಶಾಲೆಯಲ್ಲಿ ಫ್ರೆಂಚ್ ಇದೆಯಂತೆ, ಅಲ್ಲಿಗೆ ಹಾಕಿದರು. ಹಿಂದಿನ ಬೆಂಚಿನಲ್ಲಿ ಪರೀಕ್ಷಕರು. ಮುಕ್ಕಾಲು ಗಂಟೆ ಸೊಸೆ ಕೇಳಿದಳು, ಸೊಸೆ ಹೇಳಿದಳು, ಶಹಬ್ಬಾಸ್ ಎಂದವಳೂ ಸೊಸೆಯೇ. ಮಕ್ಕಳು ಆರಾಮಾಗಿ ಕೂತಿದ್ದರು. ಟೀಚರಿಗೆ ಫ್ರೆಂಚ್ ಚೆನ್ನಾಗಿ ಬರುತ್ತದೆ, ಮಕ್ಕಳಿಗೆ ಬರುತ್ತದೆಯೋ ಇಲ್ಲವೋ ತಿಳಿಯಲು ಅವಕಾಶ ಸಿಗಲಿಲ್ಲ ಎಂದು ಪರೀಕ್ಷಕರು ಬರೆದರು. ಸೋಮವಾರ ಇನ್ನೊಂದೇ ಒಂದು ಅವಕಾಶ. ಅದೂ ಹೋದರೆ ಎರಡು ವರ್ಷದ ಓದು ಹೊಳೆಗೆ ಹಾಕಿದ ಹಾಗೆ.

ಸಂಜೆ ಬಸ್ಸಿಳಿದು ಬಂದವಳು ಜಗಲಿಯಲ್ಲಿ ಕೂತಳು. ಬ್ಯಾಗನ್ನು ಭುಜದಿಂದ ಇಳಿಸಲಿಲ್ಲ.

"ಸೋಮವಾರ ಹೋಗಲ್ಲ ಅತ್ತೆ. ಪ್ರಶ್ನೆ ಕೇಳಿ, ಐದು ಎಣಿಸೋ ತನಕ ಸುಮ್ನಿರಿ ಅಂತಾರೆ. ನಂಗೆ ಎರಡು ದಾಟಲ್ಲ."

"ಬಾಯಿ ಮುಚ್ಕಂಡಿರೋಕೆ ಎಂತ ಕಷ್ಟ ನಿಂಗೆ? ಮಕ್ಕಳು ಹೇಳ್ತಾರೆ ಮಾರಾಯ್ತಿ."

"ಹೇಳ್ತಾರೆ ಅಂತ ನಂಬಿಕೆನೇ ಬರಲ್ಲ. ಈ ಮನೇಲಿ ನಾ ಕೇಳಿದ್ದಕ್ಕೆ ಯಾರು ಹೇಳಿದಾರೆ ಅತ್ತೆ? ಕಾದು ಕಾದು, ನಾನೇ ಹೇಳ್ಕಳೋದು ಅಭ್ಯಾಸ ಆಯ್ತು."

ಸಿಟ್ಟಿನಿಂದ ಹೇಳಲಿಲ್ಲ. ಹಾಲು ಒಡೆದಿದೆ ಎನ್ನುವ ಹಾಗೆ ಹೇಳಿ ಒಳಗೆ ಹೋದಳು.

ಗಿರಣಿಯ ಸದ್ದಿನಲ್ಲಿ ಏನು ಕೇಳುತ್ತದೆ ಎಂದು ಹೇಳೋಣ ಎಂದುಕೊಂಡೆ. ಆದರೆ ಗಿರಣಿ ಮಧ್ಯಾಹ್ನ ಒಂದು ಗಂಟೆಗೆ ನಿಲ್ಲುತ್ತದೆ, ಭಾನುವಾರ ಓಡುವುದೇ ಇಲ್ಲ. ಆಗಲೂ ನಾವು ಉತ್ತರ ಕೊಟ್ಟವರಲ್ಲ. ಮಗ ತಲೆಯನ್ನಾದರೂ ಆಡಿಸಿದ. ನಾನು ಅದನ್ನೂ ಮಾಡಲಿಲ್ಲ.

ಮಾರನೆಯ ದಿನ ಬೆಳಗ್ಗೆ ಅಡುಗೆಮನೆಗೆ ಹೋದೆ. ಅವಳು ಒಲೆಯ ಮೇಲೆ ಬಾಣಲೆ ಇಟ್ಟು ರವೆ ಡಬ್ಬಿ ತೆಗೆದಿದ್ದಳು.

"ತಿಂಡಿಗೆ ನಿಂಗೆ ಎಂತ ಬೇಕು?" ಎಂದೆ.

"ನಿಮಗೆ ಉಪ್ಪಿಟ್ಟು, ಅವ್ರಿಗೂ..."

"ನಿಂಗೆ ಅಂದೆ."

ಅವಳು ನನ್ನ ಮುಖ ನೋಡಿದಳು. ನಾನು ಒಳಗೊಳಗೇ ಎಣಿಸಿದೆ. ಐದಾಯಿತು, ಹತ್ತಾಯಿತು. ದೋಸೆ ಮಾಡ್ಕೋ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಸುಮ್ಮನಿರುವುದು ಸುಲಭವಲ್ಲ. ಬಾಣಲೆ ಕಾದು ಹೊಗೆ ಬಂತು, ಒಲೆ ಆರಿಸಿದೆ. ಮೂವತ್ತು ದಾಟಿದ ಮೇಲೆ ಅವಳು ಬಾಯಿ ಬಿಟ್ಟಳು.

"ನಂಗೆ ಉಪ್ಪಿಟ್ಟು ಸೇರಲ್ಲ ಅತ್ತೆ. ಮೊದಲಿಂದ್ಲೂ."

ಇಪ್ಪತ್ತೆರಡು ವರ್ಷ, ವಾರಕ್ಕೆ ಮೂರು ಸಲ! ರವೆ ಡಬ್ಬಿಯನ್ನು ಅವಳ ಕೈಯಿಂದ ತೆಗೆದುಕೊಂಡು ಮೇಲಿನ ಹಲಗೆಯ ಮೇಲೆ ಇಟ್ಟೆ.

"ಹಾಗಾದ್ರೆ ಎಂತ ಸೇರತ್ತೆ?" ಎಂದು ಕೇಳಿ, ಮಣೆ ಎಳೆದುಕೊಂಡು ಕೂತೆ.