ಸೊಸೆಗೆ ನಾಡಕೋವಿ ಕಲಿಸಿದ್ದು

ಈಗ ಬಸವೇಶ್ವರನಗರದಲ್ಲಿ ಹಲ್ಲಿನ ಡಾಕ್ಟ್ರು ಕೂರ್ತಾರಲ್ಲ, ಆ ಜಾಗದಲ್ಲಿ ನಾನು ಒಂದೇ ಏಟಿಗೆ ಎರಡು ಹಂದಿ ಉರುಳಿಸಿದೀನಿ. ನೋಡಿದವರು ಮೂರು ಜನ. ಮೂವರೂ ತೀರಿಹೋದರು. ಕೋವಿ ನಮ್ಮ ತಾತಂದು, ಮೂತಿಯಿಂದ ಮದ್ದು ತುಂಬೋದು. ಅದನ್ನ ಜಡಿಯೋ ಕಬ್ಬಿಣದ ಗಜವೂ ತಾತನ ಕಾಲದ್ದೇ, ಇವತ್ತಿಗೂ ಬದಲಾಯಿಸಿಲ್ಲ. ಇಂಥದ್ದು ಇರೋ ಮನೇಲಿ ಏನಾದರೊಂದು ಆಗ್ತಾನೇ ಇರುತ್ತೆ.

ನನಗೀಗ ಕೈ ನಡುಗುತ್ತೆ. ಮನೆಯವರು ಯಾರಾದರೂ ಕಲಿತು ಲೈಸೆನ್ಸು ತಮ್ಮ ಹೆಸರಿಗೆ ಮಾಡಿಸ್ಕೊಬೇಕು, ಇಲ್ಲಾಂದ್ರೆ ಕೋವಿ ಸ್ಟೇಷನ್ ಪಾಲು. ಅರ್ಜಿಗೆ ಸೋಮವಾರ ಕಡೇ ದಿನ. ಭಾನುವಾರ ಬೆಳಿಗ್ಗೆ ನಾನು ಕೂತಲ್ಲಿ ಕೂರಲಿಲ್ಲ, ಯಾರನ್ನೂ ಕೂರಕ್ಕೂ ಬಿಡಲಿಲ್ಲ. ಎಲ್ಲರನ್ನೂ ಬ್ಯಾಡರಹಳ್ಳಿ ಮನೆಯಿಂದ ಎಬ್ಬಿಸ್ಕೊಂಡು ನಮ್ಮ ರಾಗಿ ಹೊಲಕ್ಕೆ ಹೊರಟೆ.

ಹತ್ತಿ

ಮಗನಿಗೆ ಪಟಾಕಿ ಅಂದ್ರೇ ಭಯ. ಕಿವಿಗೆ ಹತ್ತಿ ತುರುಕ್ಕೊಂಡು ಬಂದ. "ಮೊದಲು ಮದ್ದು, ಆಮೇಲೆ ಅದನ್ನ ಅದುಮೋಕೆ ನಾರು, ಆಮೇಲೆ ಸೀಸದ ಚರೆ" ಅಂತ ನಾಲ್ಕು ಸಲ ಹೇಳಿದೆ. ಹತ್ತಿಗೆ ಹೇಳಿದಂಗಾಯ್ತು. ಅವನು ಮೊದಲು ಚರೆ ಸುರಿದು ಅದರ ಮೇಲೆ ಮದ್ದು ಸುರಿದ. ಕೋವಿಯ ಕುದುರೆ ಎಳೆದ್ರೆ ಕಿಡಿ ಕೊಡೋ ಕೇಪು ಚಟ್ ಅಂತು, ಅಷ್ಟೇ. ಚರೆ ದಾಟಿ ಕಿಡಿ ಮದ್ದಿಗೆ ಮುಟ್ಟಲೇ ಇಲ್ಲ.

ಮಗ ಹತ್ತಿ ತೆಗೆದ. "ಇಷ್ಟೇನಾ ಅಪ್ಪಾ? ಇದಕ್ಕಾ ನಾನು ಇಷ್ಟು ವರ್ಷ ಹೆದರಿದ್ದು?"

ನಾರು

ಕೋವಿ ಖಾಲಿ ಮಾಡೋ ಹೊತ್ತಿಗೆ ಬಿಸಿಲೇರಿತ್ತು. ಸೊಸೆ ಎದ್ದಳು. ರಾಜಾಜಿನಗರದ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡೋಳು, ಎಲ್ಲಕ್ಕೂ ಅಳತೆ ಬೇಕು.

"ಮದ್ದು ಎಷ್ಟು, ಮಾವ?"

"ಕೈಗೇ ಗೊತ್ತಾಗುತ್ತಮ್ಮ."

"ಯಾರ ಕೈಗೆ?"

ಅಳತೆ ತೋರಿಸಿದೆ. ಮನೆಯಿಂದ ಅವಸರದಲ್ಲಿ ಕೈಗೆ ಸಿಕ್ಕಿದ ತೆಂಗಿನ ನಾರು ತಂದಿದ್ದೆ, ಅದನ್ನೇ ಜಡಿಸಿದೆ. ಹೊಡೆದ್ರೆ ಕೋವಿ ಬುಸ್ ಅಂತು. ಮೂತಿಯಿಂದ ಹೊಗೆ ಬಂತು, ಹಿಂದೆಯೇ ನೊರೆ ಬಂತು.

ನನ್ನ ಹೆಂಡ್ತಿ ಬದುವಿನ ಮೇಲಿಂದ ಅಂದ್ಲು: "ಪಾತ್ರೆ ಉಜ್ಜೋ ನಾರು ಬೆಳಿಗ್ಗೆಯಿಂದ ಹುಡುಕ್ತಿದ್ದೆ."

ಗಜ

ಕೋವಿ ಒರೆಸಿ, ಹೊಲದಂಚಿನ ಕಾಯಿಸಿಪ್ಪೆಯಿಂದ ಒಣ ನಾರು ಕಿತ್ತು ಕೊಟ್ಟೆ. ಸೊಸೆ ಅಳೆದು ತುಂಬಿ, ಗಜ ಎಳೆದು ಪಕ್ಕಕ್ಕಿಟ್ಟು ಹೊಡೆದಳು. ಮಣ್ಣುದಿಬ್ಬದ ಮೇಲಿನ ಪ್ಲಾಸ್ಟಿಕ್ ಬಿಂದಿಗೆ ಜರಡಿಯಾಯ್ತು.

ಆಮೇಲೆ ಅರ್ಜಿ ತಗೊಂಡು ಕೂತ್ಲು. ನನಗೆ ಓದು ಬರಲ್ಲ. ಅವಳು ಒಂದೊಂದೇ ಸಾಲು ಓದ್ತಾಳೆ, ಸಹಿ ಮಾತ್ರ ಹಾಕ್ತಿಲ್ಲ. ನಾನು ಅಲ್ಲಿಂದಿಲ್ಲಿಗೆ ತಿರುಗ್ತಿದ್ದೆ. ಬಾಯಿ ಸುಮ್ನಿರಬೇಕಲ್ಲ.

"ಗಜ ತೆಗೆದಿಟ್ಯಲ್ಲ, ಜಾಣೆ. ನಾನೊಂದ್ಸಲ ಮರೆತು ಹೊಡೆದೆ. ಗಜ ಇಲ್ಲಿಂದ ಹಾರಿದ್ದು ನಂದಿನಿ ಲೇಔಟಿಗೆ. ಅಲ್ಲೊಬ್ಬ ಆಂಟಿ ಅದರ ಮೇಲೆ ಸೀರೆ ಒಣಗಿಸ್ತಿದ್ರಂತೆ."

ಸೊಸೆ ಪೆನ್ನು ಕೆಳಗಿಟ್ಟಳು. "ಮಾವ, ಈ ಗಜ ತಾತನ ಕಾಲದ್ದು, ಬದಲಾಯಿಸೇ ಇಲ್ಲ ಅಂತ ಯಾವಾಗ್ಲೂ ಹೇಳ್ತೀರಿ."

"ಆಂಟಿ ವಾಪಸ್ ಕೊಟ್ರು."

"ಹಾಗಾದ್ರೆ ಒಂದೇ ಏಟಿಗೆ ಉರುಳಿಸಿದ ಆ ಎರಡು ಹಂದಿ ಕಥೆ?"

ನಾನು ಭುಜ ಕುಣಿಸಿದೆ. "ಸಹಿ ಹಾಕಮ್ಮ. ಕೋವಿ ಜೊತೆ ಅವೂ ನಿನಗೇ. ಬೇಕಾದ್ರೆ ಮೂರು ಮಾಡ್ಕೋ."