ಕೆಳಗಿನ ಮಹಡಿಯ ಸಂಯೋಜಕರಿಗೆ

ಒಂಟಿಯಾಗಿರುವ ಗಂಡಸಿಗೆ ಮಾತು ಕಡಿಮೆಯಾದಷ್ಟೂ ಅಭಿಪ್ರಾಯಗಳು ಹೆಚ್ಚಾಗುತ್ತವೆ. ಇದು ನನ್ನ ಸ್ವಂತ ಅನುಭವ. ಮಗಳ ಓದಿಗೆಂದು ಹೆಂಡತಿ ಅವಳನ್ನು ಕರೆದುಕೊಂಡು ಮೈಸೂರಿಗೆ ಹೋದ ಮೇಲೆ ಮಸ್ಕತ್ತಿನ ವಾದಿ ಕಬೀರಿನ ಫ್ಲ್ಯಾಟಿನಲ್ಲಿ ಉಳಿದದ್ದು ನಾನು, ಏಸಿ ಮತ್ತು ನನ್ನ ಅಭಿಪ್ರಾಯಗಳು. ಏಸಿಯಾದರೂ ಆಗಾಗ ಸದ್ದು ಮಾಡುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾದರೆ ಬೈಯುವವನೂ ನಾನೇ, ಬೈಸಿಕೊಳ್ಳುವವನೂ ನಾನೇ.

ಅಂಥ ದಿನಗಳಲ್ಲೇ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕಾಯುತ್ತ ಒಂದು ಹಳೆಯ ಇಂಗ್ಲಿಷ್ ಪತ್ರಿಕೆ ಓದಿದೆ. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಒಬ್ಬ ಸಂಗೀತ ವಿಮರ್ಶಕ, ಭಾರಿ ಪ್ರಸಿದ್ಧ ಸಂಯೋಜಕನೊಬ್ಬನಿಗೆ ವರ್ಷಗಟ್ಟಲೆ ಕಾಗದ ಬರೆದನಂತೆ. ಈತ ತಪ್ಪು ಹಿಡಿಯುವುದು, ಆತ ಸಿಟ್ಟಾಗುವುದು, ಆದರೂ ಮುಂದಿನ ಟಪಾಲಿಗೆ ಇಬ್ಬರೂ ಕಾಯುವುದು. ನನಗೆ ಹಲ್ಲುನೋವೇ ಮರೆತುಹೋಯಿತು. ಬೈಗುಳಕ್ಕೂ ಕಾಯುವವರೊಬ್ಬರು ಇದ್ದರಲ್ಲ ಎಂದು ಹೊಟ್ಟೆಕಿಚ್ಚಾಯಿತು.

ನಮ್ಮ ಕಟ್ಟಡದಲ್ಲೇ, ನನ್ನ ಕೆಳಗಿನ ಮಹಡಿಯಲ್ಲಿ, ಪದ್ಮನಾಭ ಆಚಾರ್ಯರಿದ್ದರು. ಕಾರ್ಕಳದ ಕಡೆಯವರು, ಗ್ಯಾರೇಜೊಂದರಲ್ಲಿ ಫೋರ್‌ಮನ್. ಕವಿತೆಗಳಿಗೆ ರಾಗ ಹಾಕುವುದು ಅವರ ಹುಚ್ಚು. ಮಸ್ಕತ್ತಿನ ಕನ್ನಡಿಗರ ಮಟ್ಟಿಗೆ ಅವರೇ ಪ್ರಸಿದ್ಧ ಸಂಯೋಜಕರು. ಇಂಗ್ಲಿಷಿನಲ್ಲೇ ಜಗಳವಾಡುವ ಮಕ್ಕಳೂ ರಾಜ್ಯೋತ್ಸವದ ವೇದಿಕೆ ಹತ್ತಿ ಅವರ ಹಾಡನ್ನೇ ಹಾಡುತ್ತಿದ್ದವು. ಸಂಗೀತದಲ್ಲಿ ನನ್ನ ಅರ್ಹತೆ ಇಷ್ಟೇ: ಚಿಕ್ಕಂದಿನಲ್ಲಿ ಅಕ್ಕ ಪಾಠ ಹೇಳಿಸಿಕೊಳ್ಳುವಾಗ ಹೊರಗೆ ಕೂತು ಅವಳ ಚಪ್ಪಲಿ ಕಾಯುತ್ತಿದ್ದೆ. ಆ ಧೈರ್ಯದ ಮೇಲೆ ಅವರಿಗೊಂದು ಈಮೇಲ್ ಬರೆದೆ: 'ನಿಮ್ಮ ಹೊಸ ಹಾಡಿನ ಪಲ್ಲವಿ ಚೆನ್ನಾಗಿದೆ. ಚರಣ ಮಾತ್ರ ಬಸ್ಸು ತಪ್ಪಿಹೋಗುತ್ತದೆಂಬಂತೆ ಓಡುತ್ತದೆ.'

ಮರುದಿನವೇ ಉತ್ತರ ಬಂತು: 'ಕವಿತೆಯಲ್ಲಿರುವುದು ಹೊಳೆ ಮಾರಾಯ್ರೆ. ಹೊಳೆ ಓಡದೆ ಕುರ್ಚಿ ಹಾಕಿ ಕೂತುಕೊಳ್ಳುತ್ತದಾ?'

ಅಲ್ಲಿಂದ ಶುರುವಾಯಿತು. ಆಫೀಸಿನಿಂದ ಬಂದವನೇ ಅನ್ನಕ್ಕಿಡುವ ಮೊದಲು ಕಂಪ್ಯೂಟರ್ ಹಾಕುತ್ತಿದ್ದೆ. ನಾನೊಂದು ತಪ್ಪು ಹಿಡಿದರೆ ಅವರು ನನ್ನ ಕಿವಿಯನ್ನೇ ಸರ್ವೀಸಿಗೆ ಬಿಡಿ ಎನ್ನುತ್ತಿದ್ದರು. ಲಿಫ್ಟಿನಲ್ಲಿ ಎದುರಾದರೆ ಮಾತ್ರ ಇಬ್ಬರಿಗೂ ಎಂಥದೋ ನಾಚಿಕೆ. "ನೀರಿನ ಟ್ಯಾಂಕರ್ ಬಂತಾ?" "ಬಂತು ಸಾರ್." ಅಷ್ಟೇ.

ಒಂದು ಶುಕ್ರವಾರ ಮಧ್ಯಾಹ್ನ ಬಾಗಿಲು ತೆರೆದರೆ ಆಚಾರ್ಯರು ಹಾರ್ಮೋನಿಯಂ ಹೊತ್ತು ನಿಂತಿದ್ದರು.

"ಕಂಪನಿಯವರು ನನ್ನನ್ನು ಮರಳುಗಾಡಿನಾಚೆ ದುಕ್ಮ್‌ಗೆ ಹಾಕಿದ್ದಾರೆ. ನಾಳೆ ಬಸ್ಸು. ಅಲ್ಲಿ ಬಂದರು ಕಟ್ಟುವ ಕೆಲಸ, ಕ್ಯಾಂಪಿನಲ್ಲಿ ವಾಸ. ಇಂಟರ್ನೆಟ್ಟು ಎಂತದೂ ಇಲ್ಲವಂತೆ. ಖಲಾಸ್, ನಮ್ಮ ಈಮೇಲ್ ಮುಗಿಯಿತು. ಹೊಸದೊಂದು ಮಾಡಿದ್ದೇನೆ, ಎದುರಿಗೇ ಕೇಳಿ ಹೇಳಿ."

ನೆಲದ ಮೇಲೆ ಕೂತು ಕಣ್ಣು ಮುಚ್ಚಿ ಹಾಡಿದರು. ಉಗುರಿನ ಸಂದಿಯಲ್ಲಿ ಗ್ರೀಸು ಹಾಗೇ ಇತ್ತು. ಎರಡನೆಯ ಚರಣ ತುಸು ಎಳೆದಂತಾಯಿತು ಅನ್ನಿಸಿತು. ಮುಗಿಸಿ ನನ್ನ ಮುಖ ನೋಡಿದರು.

"ಚೆನ್ನಾಗಿದೆ ಸಾರ್."

"ಮತ್ತೆ?"

"ತುಂಬಾ ಚೆನ್ನಾಗಿದೆ. ಕಾಫಿ ಮಾಡ್ಲಾ?"

ಅವರ ಮುಖ ಸಪ್ಪಗಾಯಿತು. "ಅಷ್ಟೇಯಾ? ಬರೆಯುವಾಗ ನೀವು ಬೇರೆಯೇ ಜನ ಮಾರಾಯ್ರೆ. ಚೆನ್ನಾಗಿದೆ ಅಂತ ಎಲ್ಲರೂ ಹೇಳ್ತಾರೆ." ಕಾಫಿ ಕುಡಿದು, ಹಾರ್ಮೋನಿಯಂ ಎತ್ತಿಕೊಂಡು ಇಳಿದುಹೋದರು.

ಅವರು ಊರು ಬಿಟ್ಟ ಮೇಲೆ ನನಗೆ ಧೈರ್ಯ ಬಂತು. ಎರಡನೆಯ ಚರಣವನ್ನು ಬಿಡಿಬಿಡಿಯಾಗಿ ಬಿಚ್ಚಿ ಉದ್ದನೆಯ ಈಮೇಲ್ ಕಳಿಸಿದೆ. ಉತ್ತರವಿಲ್ಲ. ಸಂಜೆ ಸಂಜೆ ತೆರೆದು ನೋಡಿದರೆ ಬ್ಯಾಂಕಿನವರ ಜಾಹೀರಾತು. ಹೆಂಡತಿ ಫೋನಿನಲ್ಲಿ, "ಯಾಕ್ರೀ ದನಿ ಹೀಗಿದೆ? ಜ್ವರಾನಾ?" ಎಂದಳು. "ಒಬ್ಬರು ದುಕ್ಮ್‌ಗೆ ಹೋದ್ರು ಕಣೇ," ಎಂದೆ. "ಯಾರು?" ಎಂದಳು. "ಸ್ನೇಹಿತರು" ಎಂದೆ. ಆ ಮಾತು ನನ್ನ ಬಾಯಲ್ಲಿ ಬಂದದ್ದು ಅದೇ ಮೊದಲು.

ಎಷ್ಟೋ ವಾರಗಳ ಮೇಲೆ ಫೋನ್ ಬಂತು. ಹಿಂದೆ ಗಾಳಿಯ ಸದ್ದು. "ಸಾಮಾನಿಗೆಂದು ಪೇಟೆಗೆ ಬಂದವ, ಇಂಟರ್ನೆಟ್ ಅಂಗಡಿಗೆ ಹೋಗಿದ್ದೆ. ನಿಮ್ಮದು ಓದಿ ಸಿಟ್ಟು ಬಂತು. ಮತ್ತೆ ನೋಡಿದರೆ ನೀವು ಹೇಳಿದ್ದು ಸರಿ. ಈಗ ಬದಲಿಸಿದ್ದೇನೆ, ಕೇಳಿ," ಎಂದು ಆಚಾರ್ಯರು ಅಲ್ಲೇ ನಿಂತು ಹಾಡಿದರು. ಕೇಳುತ್ತ ಕೇಳುತ್ತ ನನಗೆ ಖಾತ್ರಿಯಾಯಿತು: ಮೊದಲಿನದೇ ಚೆನ್ನಾಗಿತ್ತು.

"ಹೇಗಿದೆ?"

"ಬರೆದು ಕಳಿಸ್ತೀನಿ ಸಾರ್."

"ಬರೆಯಿರಿ. ಸ್ವಲ್ಪ ಉದ್ದಕ್ಕೇ ಬರೆಯಿರಿ. ಇಲ್ಲಿ ಮಾತಿಗೆ ಯಾರೂ ಇಲ್ಲ."

ಕೂಡಲೇ ಕೂತೆ. 'ಮೊದಲಿನದೇ ಸರಿ, ತಪ್ಪು ನನ್ನದು' ಎನ್ನಲು ಒಂದು ಸಾಲು ಸಾಕಾಯಿತು. ಮರಳುಗಾಡು ದಾಟಿ ಪೇಟೆಗೆ ಬಂದು ಓದುವ ಮನುಷ್ಯನಿಗೆ ಬರೀ ಒಂದು ಸಾಲು ಕಳಿಸುವುದೇ? ಪಲ್ಲವಿಯಲ್ಲಿ ತಪ್ಪು ಹುಡುಕತೊಡಗಿದೆ.